‘ತತ್ತಿ’ ಅಳಿಸಿ ‘ಮೊಟ್ಟೆ’ ಬರೆದ ಹುಡುಗಿ: ಮಕ್ಕಳ ನೋಟ್‌ಬುಕ್ ಓದುವವರು ಯಾರು?

ಸಾಲಿನ ನಡುವೆ ‘ಮೊಟ್ಟೆ’ ಅಂತ ಬರೆದಿತ್ತು. ಆ ಪದದ ಸುತ್ತ ಹಾಳೆ ಸವೆದು ಮಂಕಾಗಿತ್ತು. ರಬ್ಬರಿನಿಂದ ಜೋರಾಗಿ ತಿಕ್ಕಿದ ಗುರುತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೊದಲು ಬರೆದಿದ್ದ ಪದ ಇನ್ನೂ ಕಾಣುತ್ತಿತ್ತು: ‘ತತ್ತಿ’.

ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ, ಆರನೇ ತರಗತಿ. ಪರಿಚಯದ ಮಾಸ್ತರೊಬ್ಬರು ‘ಶನಿವಾರ ಬೆಳಿಗ್ಗೆ ಬನ್ನಿ, ಮಕ್ಕಳು ತಾವು ಬರೆದದ್ದನ್ನು ಓದ್ತಾರೆ’ ಅಂತ ಕರೆದಿದ್ದರು. ‘ಈ ವಾರ ಶಾಲೆಯಲ್ಲಿ ನಾನು ಕಲಿತದ್ದು’ ಎಂಬುದು ವಿಷಯ. ಒಬ್ಬೊಬ್ಬರಾಗಿ ಎದ್ದು, ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದು ಓದಿದರು. ಮೊದಲ ಏಳೆಂಟು ಮಕ್ಕಳ ಬರಹ ಹೆಚ್ಚುಕಡಿಮೆ ಒಂದೇ. ಈ ವಾರ ಶಿಕ್ಷಕರು ಚೆನ್ನಾಗಿ ಪಾಠ ಮಾಡಿದರು, ನಾನು ಅನೇಕ ವಿಷಯಗಳನ್ನು ಕಲಿತೆನು, ನನಗೆ ತುಂಬಾ ಸಂತೋಷವಾಯಿತು. ಯಾವ ವಿಷಯ, ಯಾಕೆ ಸಂತೋಷ? ಅದು ಯಾರ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಆಮೇಲೆ ಈ ಹುಡುಗಿ ಎದ್ದಳು. ಬರೆದಿದ್ದು ಐದೇ ಸಾಲು. ಬಿಸಿಯೂಟದ ಮೊಟ್ಟೆಯನ್ನು ದಾರದಿಂದ ಎರಡು ಮಾಡಿ ಗೆಳತಿಗೆ ಅರ್ಧ ಕೊಟ್ಟಳಂತೆ. ತನ್ನ ಭಾಗಕ್ಕೆ ಹಳದಿ ಜಾಸ್ತಿ ಬಂತು. ‘ಇದು ಅರ್ಧ ಅಲ್ಲ’ ಅಂತ ಗೆಳತಿ ಜಗಳ ತೆಗೆದಳು. ಹಿಂದಿನ ದಿನ ಭಿನ್ನರಾಶಿ ಪಾಠದಲ್ಲಿ ಮಾಸ್ತರು ಎರಡೂ ಭಾಗ ಸಮ ಇರಬೇಕು ಅಂದಿದ್ದರು. ಹಂಗಾದ್ರೆ ಬಿಳಿ ಸಮ ಇದ್ದು ಹಳದಿ ಸಮ ಇಲ್ಲದಿದ್ದರೆ ಅದಕ್ಕೆ ಏನಂತಾರೆ? ಅಲ್ಲಿಗೆ ಬರಹ ಮುಗಿದಿತ್ತು.

ತರಗತಿ ನಕ್ಕಿತು. ಜೊತೆಗೆ ಆರೇಳು ಕೈ ಮೇಲೆದ್ದವು. ರೊಟ್ಟಿ ಮುರಿದರೆ ಹೆಂಗೆ, ಮಾವಿನಹಣ್ಣಿನಲ್ಲಿ ಓಟೆ ಯಾರ ಪಾಲು, ಅಂತ ಮಾತು ಶುರುವಾಯಿತು. ಭಿನ್ನರಾಶಿ ಬಗ್ಗೆ ಅಷ್ಟು ಜೋರು ಚರ್ಚೆ ನಾನು ಕಂಡಿದ್ದೇ ಇಲ್ಲ. ಊಟಕ್ಕೆ ಬಿಟ್ಟ ಮೇಲೆ ಅವಳನ್ನು ಕೇಳಿದೆ, ತತ್ತಿ ಯಾಕೆ ಅಳಿಸಿದೆ ಅಂತ. ‘ತತ್ತಿ ಅಂದ್ರ ಮನಿ ಮಾತು ರೀ. ಬರಿಯೂದು ಮೊಟ್ಟಿ’ ಅಂದಳು. ಗಮನಿಸಿ, ಹೇಳುವಾಗ ‘ಮೊಟ್ಟೆ’ ಕೂಡ ಅವಳ ಬಾಯಲ್ಲಿ ‘ಮೊಟ್ಟಿ’ ಆಗಿತ್ತು.

ಈ ಒಂದು ಪದಕ್ಕೇ ಇಷ್ಟು ಹೊತ್ತು ಜೋತುಬೀಳಲು ಕಾರಣ ಇದೆ. ಈಗ ಮಕ್ಕಳ ‘ಕಲಿಕಾ ಅನುಭವ’ ಹಂಚಿಕೊಳ್ಳುವುದು ಎಲ್ಲಾ ಕಡೆ ನಡೆದಿದೆ. ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ಫೇಸ್‌ಬುಕ್ ಪುಟದಲ್ಲಿ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಕಲಿಕಾ ಹಬ್ಬದಲ್ಲಿ ಮಕ್ಕಳ ಬರಹದ ಫೋಟೊ ಹರಿದಾಡುತ್ತಿವೆ. ಒಳ್ಳೆಯದೇ. ಆದರೆ ಬಹಳ ಸಲ ನಮಗೆ ತಲುಪುವುದು ಮೊದಲ ಏಳೆಂಟು ಮಕ್ಕಳ ಥರದ ಬರಹ. ಐದು ಸಾಲಿನ ಹುಡುಗಿ ಅಪರೂಪ. ಅವಳೂ ಅರ್ಧ ಅಳಿಸಿಕೊಂಡೇ ಬರುತ್ತಾಳೆ. ಹೀಗೆ ಯಾಕೆ?

ಮೊದಲು ಭಾಷೆಯದ್ದೇ ಹೇಳಿಬಿಡುತ್ತೇನೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲು ಅಂದರೆ ಈಗಿನ ಪಟ್ಟದಕಲ್ಲು, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಒಕ್ಕುಂದ, ಮತ್ತು ‘ಮಹಾ ಕೊಪಣ ನಗರ’. ಈ ಕೊಪಣವೇ ನಮ್ಮ ಕೊಪ್ಪಳ. ಅಂಥ ಊರಿನ ಮಗು ತನ್ನ ಮನೆಯ ಕನ್ನಡ ಬರೆಯೋಕೆ ಲಾಯಕ್ಕಿಲ್ಲ ಅಂತ ಹನ್ನೊಂದನೇ ವಯಸ್ಸಿಗೇ ತೀರ್ಮಾನ ಮಾಡಿದೆ. ಉಳ್ಳಾಗಡ್ಡಿ ಹೋಗಿ ಈರುಳ್ಳಿ ಆಗಬೇಕು, ಸಾಲಿ ಹೋಗಿ ಶಾಲೆ ಆಗಬೇಕು, ‘ಹೊಲಕ್ಕ ಹೋಗ್ಯಾಳ’ ಹೋಗಿ ‘ಹೊಲಕ್ಕೆ ಹೋಗಿದ್ದಾಳೆ’ ಆಗಬೇಕು. ಇಷ್ಟೆಲ್ಲ ತರ್ಜುಮೆ ತಲೆಯೊಳಗೇ ನಡೆದ ಮೇಲೆ ಪೆನ್ಸಿಲ್ ಹಾಳೆಗೆ ತಾಗುತ್ತದೆ.

ಇದು ಕನ್ನಡ ಮನೆಮಾತಿನ ಮಕ್ಕಳ ಪಾಡು. ಸಿರುಗುಪ್ಪ, ಬಳ್ಳಾರಿ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬೇಕಾದಷ್ಟಿದ್ದಾರೆ. ರಾಯಚೂರಿನಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್‌.ಎಚ್. ಕ್ಯಾಂಪ್‌ಗಳಲ್ಲಿ ಬಂಗಾಳಿ. ಅವರಿಗೆ ‘ತತ್ತಿ’ಯೂ ಹೊರಗಿನದೇ, ‘ಮೊಟ್ಟೆ’ಯೂ ಹೊರಗಿನದೇ.

ಶಿಷ್ಟ ಕನ್ನಡ ಕಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಹುಡುಗಿ ನಾಳೆ ಅರ್ಜಿ ಬರೆಯಬೇಕು, ನೌಕರಿ ಪರೀಕ್ಷೆ ಬರೆಯಬೇಕು, ಬೇರೆ ಸೀಮೆಯವರಿಗೂ ತಿಳಿಯುವಂತೆ ಬರೆಯಬೇಕು. ನನ್ನ ತಕರಾರು ಯಾವಾಗ ತಿದ್ದಬೇಕು ಎಂಬುದರ ಬಗ್ಗೆ ಅಷ್ಟೇ. ಹೇಳಬೇಕಾದ್ದನ್ನು ಹೇಳಿ ಮುಗಿಸುವ ಮುಂಚೆಯೇ ಕೆಂಪು ಪೆನ್ನು ಬಂದರೆ ಮಗು ಒಂದು ಉಪಾಯ ಕಲಿಯುತ್ತದೆ. ಕಾಗುಣಿತ ಗ್ಯಾರಂಟಿ ಇರುವ ಪದಗಳನ್ನಷ್ಟೇ ಬಳಸುತ್ತದೆ. ‘ಚೆನ್ನಾಗಿ’, ‘ಅನೇಕ’, ‘ಸಂತೋಷವಾಯಿತು’. ಇವು ಬೋರ್ಡಿನ ಮೇಲೆ ನೂರು ಸಲ ನೋಡಿದ ಪದಗಳು, ತಪ್ಪಾಗುವ ಭಯವಿಲ್ಲ. ಹಳದಿಯ ಜಗಳ ಬರೆಯಲು ಹೊರಟರೆ ನಾಲ್ಕು ಕಡೆ ಒತ್ತು, ದೀರ್ಘ ತಪ್ಪಬಹುದು. ಸುಮ್ನೆ ಯಾಕೆ ರಿಸ್ಕ್?

ಕನ್ನಡ ಲಿಪಿಯೇನು ಸಣ್ಣ ಬೆಟ್ಟವಲ್ಲ. 49 ಅಕ್ಷರ, ಅದರಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಮೇಲಿಂದ ಒತ್ತಕ್ಷರ. ಮೂರ್ನಾಲ್ಕು ವರ್ಷ ಅದಕ್ಕೇ ಬೇಕು. ಹಾಗಂತ ಅಲ್ಲಿಯವರೆಗೆ ಸ್ವಂತ ಬರಹ ಕಾಯಬೇಕಾ? ಕಾಯಬೇಕಿಲ್ಲ ಅಂತ ನಮ್ಮ ರಾಜ್ಯದ್ದೇ ಒಂದು ಪ್ರಯೋಗ ತೋರಿಸಿತ್ತು. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿ, 2009-10ರ ಹೊತ್ತಿಗೆ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅದು ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದು ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಬರೆಯಬಹುದು. ಐದಕ್ಷರದ ಮಗುವೂ ಪದ ಕಟ್ಟಬಲ್ಲದು ಎಂಬುದು ಅದರ ಜಾಣತನ. ನೆಲಮಟ್ಟದ ಕರಿಹಲಗೆಯ ಮೇಲೆ ಮಕ್ಕಳು ತಪ್ಪೋ ಒಪ್ಪೋ ಗೀಚಿ, ಅಳಿಸಿ, ಮತ್ತೆ ಬರೆಯಬಹುದಿತ್ತು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಒಂದೇ ಕೋಣೆಯಲ್ಲಿ ಕೂರುವುದಕ್ಕೆ ಪಾಲಕರ ಗೊಣಗಾಟ ಇದ್ದೇ ಇದೆ. ಅದು ಬೇರೆ ಚರ್ಚೆ.

ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ನೆಲದ ಹಲಗೆ ಮಾಯ. ಗೋಡೆಯ ಬೋರ್ಡ್ ಬರುತ್ತದೆ, ಪ್ರಶ್ನೋತ್ತರದ ನೋಟ್ಸ್ ಬರುತ್ತದೆ. ಅಲ್ಲಿಂದ ಮುಂದೆ ‘ಬರಿ’ ಅಂದರೆ ‘ನೋಡಿ ಬರಿ’ ಅಂತಲೇ ಅರ್ಥ.

ಅಳೆಯುವುದು ಏನನ್ನು?

ಯಾವುದನ್ನು ಅಳೆಯುತ್ತಾರೋ ಅದನ್ನೇ ಕಲಿಸುತ್ತಾರೆ. ಇದು ಶಾಲೆಯ ಹಳೇ ಚಾಳಿ. ಕಲಿಕೆಯ ಬಗ್ಗೆ ನಾವು ಹೆಚ್ಚು ಕೇಳುವ, ಹಳ್ಳಿ ಮನೆಗಳಿಗೆ ಹೋಗಿ ಮಕ್ಕಳ ಕಲಿಕೆ ನೋಡುವ ಅಸರ್ ಸಮೀಕ್ಷೆ ಮುಖ್ಯವಾಗಿ ಓದು ಮತ್ತು ಲೆಕ್ಕ ನೋಡುತ್ತದೆ. ಗ್ರಾಮೀಣ ಕರ್ನಾಟಕದ 3ನೇ ತರಗತಿಯಲ್ಲಿ 2ನೇ ತರಗತಿಯ ಪಠ್ಯ ಓದಬಲ್ಲ ಮಕ್ಕಳು 2018ರಲ್ಲಿ ಶೇ 19.2 ಇದ್ದರು, ಕೋವಿಡ್ ಆದ ಮೇಲೆ 2022ರಲ್ಲಿ ಶೇ 8.6ಕ್ಕೆ ಇಳಿದರು. ಭಯ ಹುಟ್ಟಿಸುವ ಸಂಖ್ಯೆ. 2022-23ನ್ನು ‘ಕಲಿಕಾ ಚೇತರಿಕೆ’ ವರ್ಷ ಅಂತ ಘೋಷಿಸಿ ಮಕ್ಕಳಿಗೆ ಕಲಿಕಾ ಹಾಳೆಗಳನ್ನು ಕೊಟ್ಟಿದ್ದು ಇದೇ ಭಯದಿಂದ. ಆದರೆ ಈ ಯಾವ ಸಂಖ್ಯೆಯೂ ಮಗು ತಾನಾಗಿ ನಾಲ್ಕು ಸಾಲು ಬರೆಯಬಲ್ಲದೇ ಅಂತ ಹೇಳುವುದಿಲ್ಲ. ಕಲಿಕಾ ಹಾಳೆಯಲ್ಲಿ ಮಗು ತುಂಬಬೇಕಾದ ಖಾಲಿ ಗೆರೆಗಳಿದ್ದವು. ನಾನು ನೋಡಿದ ಕಡೆ ಆ ಗೆರೆಗಳೂ ಬೋರ್ಡ್ ನೋಡಿಯೇ ತುಂಬಿದ್ದವು.

ಶಿಕ್ಷಣ ಇಲಾಖೆ ಶಾಲಾ ಮಕ್ಕಳಿಗೆ ನಡೆಸುವ ಕಲಿಕಾ ಹಬ್ಬದ ಕಥೆ ನೋಡಿ. 2023ರ ಆರಂಭದಲ್ಲಿ ಬಂದ ಹಬ್ಬದಲ್ಲಿ ‘ಆಡು ಹಾಡು’, ‘ಕಾಗದ ಕತ್ತರಿ ಬಣ್ಣ’, ‘ಮಾಡು ಆಡು’, ‘ಊರು ತಿಳಿಯೋಣ’ ಅಂತ ನಾಲ್ಕು ಮೂಲೆಗಳಿದ್ದವು. ಕೊನೆಯದು ನನಗೆ ಬಹಳ ಹಿಡಿಸಿತು. ಮಕ್ಕಳು ಊರೊಳಗೆ ಹೋಗಿ ಜನರನ್ನು ಮಾತಾಡಿಸಿ, ಕೇಳಿದ್ದನ್ನು ಬರೆದುಕೊಂಡು ಬಂದು ಹೇಳಬೇಕು. ಕಿನ್ನಾಳದಂಥ ಊರಿದ್ದರೆ ಗೊಂಬೆ ಮಾಡುವವರ ಮನೆಗೇ ಹೋಗಬಹುದು. ಆಮೇಲೆ 2024-25ರಲ್ಲಿ ಎಳೆಯ ತರಗತಿಗಳಿಗೆ ಬಂದ ಹಬ್ಬ ಸ್ಪರ್ಧೆಗಳ ರೂಪ ತಾಳಿತು. ಗಟ್ಟಿ ಓದು, ಕಥೆ ಹೇಳುವುದು, ನೆನಪಿನ ಶಕ್ತಿ, ರಸಪ್ರಶ್ನೆ, ಹೀಗೆ. ಬರಹದ ಪಾಲಿಗೆ ಬಂದದ್ದು ಕೈಬರಹ. ಅಂದರೆ ಏನು ಬರೆದೆ ಎಂಬುದಕ್ಕಿಂತ ಎಷ್ಟು ದುಂಡಗೆ ಬರೆದೆ ಎಂಬುದಕ್ಕೆ ಬಹುಮಾನ.

ದುಂಡಗಿನ ಅಕ್ಷರದ ಬಗ್ಗೆ ಬೈಯುವ ನೈತಿಕತೆ ನನಗೂ ಇಲ್ಲ ಬಿಡಿ. ಕೆಲವು ವರ್ಷದ ಹಿಂದೆ ಒಂದು ಪ್ರಬಂಧ ಸ್ಪರ್ಧೆಗೆ ನಾನೇ ತೀರ್ಪುಗಾರನಾಗಿದ್ದೆ. ‘ನಮ್ಮೂರ ಜಾತ್ರೆ’ ವಿಷಯ. ಕೊಪ್ಪಳದಲ್ಲಿ ಜಾತ್ರೆ ಅಂದರೆ ಗವಿಮಠದ್ದೇ. ತೇರಿನ ಮೈದಾನದಲ್ಲಿ ಅಜ್ಜಿ ಜೊತೆ ರಾತ್ರಿ ಕಳೆದ ಮಕ್ಕಳು, ದಾಸೋಹದಲ್ಲಿ ಮಿರ್ಚಿ ತಿಂದು ಖಾರಕ್ಕೆ ಕಣ್ಣೀರು ಹಾಕಿದ ಮಕ್ಕಳು ಎದುರಿಗೆ ಕೂತು ಬರೆಯುತ್ತಿದ್ದರು. ಹಾಳೆ ತೆಗೆದು ನೋಡಿದರೆ ಎಲ್ಲರದ್ದೂ ‘ಜಾತ್ರೆಗಳು ನಮ್ಮ ಸಂಸ್ಕೃತಿಯ ಕನ್ನಡಿ’ ಅಂತಲೇ ಶುರು. ಒಬ್ಬ ಹುಡುಗ ಮಾತ್ರ ಚಪ್ಪಲಿ ಕಳಕೊಂಡ ಕಥೆ ಬರೆದಿದ್ದ. ಅಕ್ಷರ ಕಾಗೆ ಕಾಲು, ಅರ್ಧ ಪುಟ. ನಾನು ಮೊದಲ ಬಹುಮಾನ ಕೊಟ್ಟಿದ್ದು ಕನ್ನಡಿಗೆ. ಎರಡು ಪುಟ ತುಂಬಿತ್ತು, ಒಂದು ತಪ್ಪಿರಲಿಲ್ಲ. ಅದು ಗೈಡಿನದ್ದು ಅಂತ ಗೊತ್ತಿದ್ದೂ ಕೊಟ್ಟೆ. ಚಪ್ಪಲಿಯ ಹುಡುಗ ಆವತ್ತು ಏನು ಕಲಿತನೋ!

ಇದರ ದೊಡ್ಡ ರೂಪವೇ ಎಸ್ಸೆಸ್ಸೆಲ್ಸಿ. ‘ಗಾದೆಗಳು ವೇದಕ್ಕೆ ಸಮ’ ಅಂತ ಶುರುವಾಗದ ಗಾದೆ ವಿಸ್ತರಣೆಯನ್ನು ಯಾರಾದರೂ ನೋಡಿದ್ದೀರಾ? ಪತ್ರ, ಪ್ರಬಂಧ, ಗಾದೆ, ಮೂರೂ ಹೆಸರಿಗೆ ಸ್ವಂತ ಬರಹ. ಮೂರಕ್ಕೂ ಸಿದ್ಧ ಅಚ್ಚು ಇದೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾದಿಂದ ನೇರವಾಗಿ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ. 2025ರಲ್ಲಿ ಶೇ 66.14. ನಕಲು ನಿಂತಿದ್ದಕ್ಕೆ ಹೀಗಾಯಿತು ಅಂತ ಎಲ್ಲರೂ ಹೇಳಿದರು. ಸರಿ, ಆದರೆ ಆರು ವರ್ಷ ಬೋರ್ಡ್ ನೋಡಿ ಬರೆಯುವುದನ್ನೇ ಬರಹ ಅಂತ ಕಲಿಸಿ, ಹತ್ತನೇ ತರಗತಿಯಲ್ಲಿ ಕ್ಯಾಮೆರಾ ಹಾಕಿ ‘ನೋಡಬೇಡ’ ಅಂದರೆ ಆ ಮಗು ಏನು ಮಾಡಬೇಕು? ನಕಲಿನ ಬೀಜ ಪರೀಕ್ಷಾ ಕೇಂದ್ರದ ಕಿಟಕಿಯಲ್ಲಿ ಹುಡುಕಿದರೆ ಸಿಗುವುದಿಲ್ಲ ಅಂತ ನನ್ನ ಅನಿಸಿಕೆ.

ಇನ್ನೊಂದು ನೆನಪು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಕೊಂಡು ಹೋಯಿತು. ಮುನಿರಾಬಾದ್‌ನಿಂದ ಗಂಗಾವತಿ, ಸಿಂಧನೂರು, ಸಿರುಗುಪ್ಪದವರೆಗೆ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ನಾಟಿ ಮಾಡಿದ ಭತ್ತ ಏನಾಗುತ್ತೋ ಅಂತ ಮನೆಮನೆಯಲ್ಲೂ ಚಿಂತೆ. ವಾರದೊಳಗೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದಾಗ ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು. ಮಕ್ಕಳಿಗೆ ಇದೆಲ್ಲ ಗೊತ್ತಿತ್ತು, ನಮಗಿಂತ ಚೆನ್ನಾಗಿ. ಆ ತಿಂಗಳ ಕೆಲವು ನೋಟ್‌ಬುಕ್ ತಿರುವಿದ್ದೇನೆ. ಆಗಸ್ಟ್ 12ರ ಸೋಮವಾರದ ತಾರೀಖಿನ ಕೆಳಗೆ ಸ್ವಾತಂತ್ರ್ಯ ದಿನಾಚರಣೆಯ ಪ್ರಬಂಧ ಇತ್ತು. ಗೇಟಿನ ಸುದ್ದಿಗೆ ನೋಟ್‌ಬುಕ್ಕಿನಲ್ಲಿ ಜಾಗವೇ ಸಿಕ್ಕಿರಲಿಲ್ಲ.

ಕೆಂಪು ಪೆನ್ನು ಬಿಟ್ಟರೆ ಬೇರೆ ಓದುಗರಿಲ್ಲ

ಮಾಸ್ತರರನ್ನೇ ಬೈದು ಮುಗಿಸಬಹುದು, ಸುಲಭ. ಆದರೆ ಈ ಕಡೆಯ ಹಳ್ಳಿ ಶಾಲೆಯಲ್ಲಿ ಒಂದು ದಿನ ಕೂತು ನೋಡಿ. ಖಾಲಿ ಹುದ್ದೆ, ಅರ್ಧ ವರ್ಷಕ್ಕೆ ಬರುವ ಅತಿಥಿ ಶಿಕ್ಷಕರು, ಸ್ಯಾಟ್ಸ್‌ಗೆ ಅಂದರೆ ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ ಮಾಹಿತಿ ತುಂಬುವ ಗಡಿಬಿಡಿ, ಮೊಟ್ಟೆ-ಹಾಲಿನ ಲೆಕ್ಕ, ಇಲಾಖೆಗೆ ಕಳಿಸಬೇಕಾದ ಫೋಟೊ. ನಲವತ್ತು ಮಕ್ಕಳ ಸ್ವಂತ ಬರಹವನ್ನು ಓದಿ, ಅದಕ್ಕೆ ತಕ್ಕ ಮಾತು ಬರೆಯಲು ಕನಿಷ್ಠ ಎರಡು ತಾಸು ಬೇಕು. ಒಂದೇ ಥರದ ನೋಟ್ಸ್ ಆದರೆ ಇಪ್ಪತ್ತು ನಿಮಿಷದಲ್ಲಿ ಟಿಕ್ ಹಾಕಿ ಮುಗಿಸಬಹುದು. ನೀವಾಗಿದ್ದರೆ ಯಾವುದು ಆರಿಸುತ್ತಿದ್ದಿರಿ?

ಮನೆಯಲ್ಲಾದರೂ ಓದುವವರಿದ್ದಾರಾ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56, ಕೊಪ್ಪಳದ್ದು ಶೇ 68.09, ಬಳ್ಳಾರಿಯದ್ದು ಶೇ 67.43. ರಾಜ್ಯದ ಸರಾಸರಿ ಶೇ 75.36. ರಾಯಚೂರಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಕಮ್ಮಿ ಜನಕ್ಕೆ ಓದು ಬರುತ್ತಿತ್ತು. ಆಗಿನ ಹುಡುಗಿಯರೇ ಈಗ ಶಾಲೆ ಮಕ್ಕಳ ತಾಯಂದಿರು. ಮಗಳ ನೋಟ್‌ಬುಕ್ ತೆರೆದರೆ ಅಮ್ಮನಿಗೆ ಕಾಣುವುದು ಕೆಂಪು ಗೆರೆ ಎಷ್ಟಿವೆ ಅನ್ನೋದು ಮಾತ್ರ. ಗೆರೆ ಜಾಸ್ತಿ ಇದ್ದರೆ ಬೈಗುಳ.

ಹತ್ತಿ ಬಿಡಿಸುವ ಕಾಲ ಬಂದರೆ ದೇವದುರ್ಗ, ಲಿಂಗಸುಗೂರು ಕಡೆ ಬೆಂಚುಗಳು ಖಾಲಿಯಾಗುತ್ತವೆ. ಗುಳೆ ಹೋದವರ ಮಕ್ಕಳು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತಾರೆ. ತಿಂಗಳಾದ ಮೇಲೆ ವಾಪಸ್ ಬಂದ ಮಗುವಿಗೆ ನಾವು ಹೇಳುವುದು ‘ಬಿಟ್ಟುಹೋದ ನೋಟ್ಸ್ ಕಾಪಿ ಮಾಡಿಕೋ’. ಹತ್ತಿ ಬಿಡಿಸಿದರೆ ಬೆರಳು ಹೆಂಗೆ ಗೀರುತ್ತವೆ, ಕೆ.ಜಿ.ಗೆ ಎಷ್ಟು ಕೂಲಿ, ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ಏನನ್ನಿಸಿತು, ಇದನ್ನು ಕೇಳುವವರಿಲ್ಲ. ಕೇಳಿದ್ದರೆ ಆ ತಿಂಗಳು ಪೂರ್ತಿ ನಷ್ಟ ಅಂತ ಅನಿಸುತ್ತಿರಲಿಲ್ಲ. ಲೆಕ್ಕಕ್ಕೂ ಕನ್ನಡಕ್ಕೂ ಅಲ್ಲಿ ಬೇಕಾದಷ್ಟು ಸರಕಿದೆ.

ಹಾಗಾಗಿ ನನಗೆ ಅನಿಸುವುದು ಇಷ್ಟು. ನಮ್ಮ ಮಕ್ಕಳಿಗೆ ಬರೆಯೋಕೆ ವಿಷಯದ ಕೊರತೆ ಇಲ್ಲ, ಓದುಗರ ಕೊರತೆ ಇದೆ. ತಪ್ಪು ಹುಡುಕುವವರು ಒಬ್ಬರಾದರೂ ಸಿಗುತ್ತಾರೆ. ‘ಆಮೇಲೇನಾಯ್ತು?’ ಅಂತ ಕೇಳುವವರು ಸಿಗುವುದಿಲ್ಲ.

ಓದುಗರು ಇದ್ದಾರೆ ಅಂತ ಗೊತ್ತಾದರೆ ಮಕ್ಕಳ ಮಾತು ಹೆಂಗೆ ಬದಲಾಗುತ್ತದೆ ಅನ್ನೋದನ್ನು ಮಕ್ಕಳ ಗ್ರಾಮಸಭೆಗಳಲ್ಲಿ ನೋಡಬಹುದು. ಪಂಚಾಯಿತಿಯವರು ಶಾಲೆಯಲ್ಲಿ ಪೆಟ್ಟಿಗೆ ಇಟ್ಟು ಮಕ್ಕಳಿಂದ ಚೀಟಿ ಬರೆಸುವ ಪದ್ಧತಿ ಹಲವು ಕಡೆ ಇದೆ. ನಾನು ಕೂತಿದ್ದ ಒಂದು ಸಭೆಯಲ್ಲಿ ಚೀಟಿಗಳನ್ನು ಜೋರಾಗಿ ಓದಿದರು. ಅಲ್ಲಿ ‘ಸಂತೋಷವಾಯಿತು’ ಒಂದೂ ಇರಲಿಲ್ಲ. ಶಾಲೆ ಹಿಂದಿನ ಚರಂಡಿ, ಶೌಚಾಲಯದ ಮುರಿದ ಚಿಲಕ, ಬೆಳಿಗ್ಗೆ ಬಸ್ ನಿಲ್ಲಿಸದೆ ಹೋಗುವುದು. ಕಾಗುಣಿತ ತಪ್ಪು ಬೇಕಾದಷ್ಟು ಇತ್ತು, ಏನು ಬೇಕು ಅನ್ನೋದರಲ್ಲಿ ಗೊಂದಲ ಎಳ್ಳಷ್ಟೂ ಇರಲಿಲ್ಲ. ಚಿಲಕ ತಿಂಗಳೊಳಗೆ ಸರಿಹೋಯಿತು. ಬಸ್ ಇನ್ನೂ ನಿಲ್ಲಿಸುವುದಿಲ್ಲ.

2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳಿಗೆ ಅರಿವು ಕೇಂದ್ರ ಅಂತ ಹೆಸರು. ಮಕ್ಕಳು ಅಲ್ಲಿ ಹೋಗಿ ಬೇರೆಯವರು ಬರೆದದ್ದು ಓದುತ್ತಾರೆ. ಅದೇ ಗೋಡೆಯ ಮೇಲೆ ಒಂದು ಹಗ್ಗ ಕಟ್ಟಿ ಮಕ್ಕಳ ಬರಹವನ್ನೂ ತೂಗುಹಾಕಬಹುದಲ್ಲ? ಪೇಪರ್ ಓದಲು ಬರುವ ಹಿರಿಯರು ಅದನ್ನೂ ಓದುತ್ತಾರೆ. ಖರ್ಚು ಒಂದು ಹಗ್ಗ, ಹತ್ತು ಕ್ಲಿಪ್.

ಫೋನಿಗೆ ಹಾಕುವುದರಲ್ಲಿ ಮಾತ್ರ ಸ್ವಲ್ಪ ಹುಷಾರು ಬೇಕು. 2021ರ ಡಿಸೆಂಬರ್‌ನಲ್ಲಿ, ಬಿಸಿಯೂಟಕ್ಕೆ ಮೊಟ್ಟೆ ಕೊಡುವುದರ ಬಗ್ಗೆ ಗಲಾಟೆ ಎದ್ದಾಗ, ನಮ್ಮದೇ ಜಿಲ್ಲೆಯ ಶಾಲಾ ಹುಡುಗಿಯೊಬ್ಬಳು ಮೊಟ್ಟೆ ಬೇಕು ಅಂತ ಖಡಕ್ಕಾಗಿ ಮಾತಾಡಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಮೊಟ್ಟೆ ಬೇಡ ಅನ್ನುತ್ತಿದ್ದ ದೊಡ್ಡವರಿಗೆ ಅಷ್ಟು ನೇರ ಉತ್ತರವನ್ನು ಬೇರಾರೂ ಕೊಟ್ಟಿರಲಿಲ್ಲ. ಆದರೆ ಒಂದು ಮಗುವಿನ ಮುಖ, ಊರು ಎಲ್ಲಾ ಫೋನಿಗೆ ಹೋದ ಮೇಲೆ ವಾಪಸ್ ತರೋಕಾಗಲ್ಲ. ಬರಹಕ್ಕೂ ಇದೇ ಮಾತು. ಮನೆಯ ಸಾಲ, ಅಪ್ಪನ ಕುಡಿತ, ಹೊಡೆತ, ಇವೆಲ್ಲ ಮಕ್ಕಳು ನಂಬಿಕೆಯಿಂದ ಬರೆದುಬಿಡುತ್ತಾರೆ. ತರಗತಿಯಲ್ಲಿ ಓದುವುದು ಬೇರೆ, ಹೆಸರು ಸಮೇತ ಗುಂಪಿಗೆ ಹಾಕುವುದು ಬೇರೆ. ಮಗುವನ್ನು ಕೇಳಿ, ಹೆಸರು ತೆಗೆದು ಹಾಕಿ. ಹಿಂದೆ ಬ್ಯಾನರ್ ಕಟ್ಟಿ, ಮಗುವಿನ ಕೈಗೆ ಬೇರೆಯವರು ಬರೆದ ‘ಅನುಭವ’ ಕೊಟ್ಟು ಓದಿಸುವ ವಿಡಿಯೊ ಬಗ್ಗೆ ನಾನೇನೂ ಹೇಳಲ್ಲ, ಎಲ್ಲರೂ ನೋಡಿರ್ತೀರಿ.

ನನ್ನನ್ನು ಕರೆದಿದ್ದ ಮಾಸ್ತರು ದೊಡ್ಡ ಯೋಜನೆ ಏನೂ ಹಾಕಿಲ್ಲ. ಅವರದ್ದು ಒಂದೇ ನಿಯಮ. ಶನಿವಾರ ಓದಿ ಮುಗಿದ ಮೇಲೆ ನೋಟ್‌ಬುಕ್ ಪಕ್ಕದವರಿಗೆ ಕೊಡಬೇಕು. ಪಕ್ಕದವರು ತಪ್ಪು ಹುಡುಕುವಂತಿಲ್ಲ, ಕೆಳಗೆ ಒಂದು ಪ್ರಶ್ನೆ ಬರೆಯಬೇಕು. ಸೋಮವಾರದೊಳಗೆ ಅದಕ್ಕೆ ಉತ್ತರ. ಮಾಸ್ತರು ತಿದ್ದುವುದು ಉತ್ತರ ಬಂದ ಮೇಲೆ, ಅದೂ ಎರಡೇ ತಪ್ಪು. ಮೊದಮೊದಲು ಎಲ್ಲರೂ ‘ನಿನ್ನ ಹೆಸರೇನು’ ಅಂತ ಬರೆದರಂತೆ. ಪಕ್ಕದಲ್ಲಿ ಆರು ವರ್ಷದಿಂದ ಕೂತವರು!

ಹುಡುಗಿಯ ಐದು ಸಾಲಿನ ಕೆಳಗೆ ಜಗಳ ತೆಗೆದ ಗೆಳತಿಯೇ ಬರೆದಿದ್ದಳು: ‘ಹಳದಿ ನಡುವ ಯಾಕ ಇರಲಿಲ್ಲ?’ ಮಾಸ್ತರು ನನ್ನ ಮುಖ ನೋಡಿದರು, ನಾನು ಅವರದ್ದು ನೋಡಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಹುಡುಗಿ ಮಾತ್ರ ಮನೆಯಲ್ಲಿ ಅವ್ವನಿಗೆ ಹೇಳಿ ಒಂದನ್ನು ನಿಲ್ಲಿಸಿ, ಒಂದನ್ನು ಮಲಗಿಸಿ ಬೇಯಿಸಿ ನೋಡ್ತೀನಿ ಅಂದಳು. ಸೋಮವಾರ ಬರೆಯುವಾಗ ಯಾವ ಪದ ಹಾಕ್ತಿ ಅಂತ ನಾನು ಕೇಳಲಿಲ್ಲ.